ಸರ್ ಎಂ. ವಿಶ್ವೇಶ್ವರಯ್ಯನವರೂ ನಮ್ಮ ವಿದ್ಯೆಯ ಆಯ್ಕೆಯೂ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡ ಮಕ್ಕಳ ಮುಂದೆ ಈಗ ಮೂರು ದಾರಿಗಳು ತೆರೆದಿವೆ: ಕಂಪ್ಯೂಟರ್ ವಿಜ್ಞಾನ, ಮಾಹಿತಿ ತಂತ್ರಜ್ಞಾನ, ಸೈಬರ್ ಭದ್ರತೆ. ಯಾವುದನ್ನು ಹಿಡಿದರೆ ಬಾಳು ಹಸನಾದೀತೆಂಬ ಚಿಂತೆ ಮಕ್ಕಳಿಗೂ ಇದೆ, ಹಣ ಹೊಂದಿಸುವ ತಂದೆತಾಯಿಗಳಿಗೂ ಇದೆ. ಇಂಥ ಸಮಯದಲ್ಲಿ, ವಿದ್ಯೆಗಾಗಿ ಕನ್ನಡ ನಾಡಿನಿಂದ ಮುಂಬಯಿ ಪ್ರಾಂತಕ್ಕೆ ಬಂದು ಲೋಕವಿಖ್ಯಾತರಾದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಚರಿತ್ರೆಯನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ, ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಆ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ ಸಿವಿಲ್ ಇಂಜಿನಿಯರಿಂಗ್ ಕಲಿತರು. 1883ರ ಪರೀಕ್ಷೆಯಲ್ಲಿ ಪ್ರಾಂತಕ್ಕೇ ಮೊದಲಿಗರಾದರು. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನಾಸಿಕಕ್ಕೆ ನಿಯುಕ್ತರಾದರು. ಪುಣೆಗೆ ಹೋಗುವ ರೈಲು ಮಾರ್ಗವೂ ನಾಸಿಕಕ್ಕೆ ಹೋಗುವ ಮಾರ್ಗವೂ ಕವಲೊಡೆಯುವುದು ನಮ್ಮ ಕಲ್ಯಾಣದಲ್ಲಿಯೇ ಎಂಬುದನ್ನು ಮಕ್ಕಳು ನೆನೆಯಬಹುದು.

ಆ ಒಂದೇ ವಿದ್ಯೆಯಿಂದ ಅವರು ಮಾಡಿದ ಕಾರ್ಯಗಳು ಬಗೆಬಗೆಯವು. ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಕುಡಿಯುವ ನೀರು ಬೇಕಾಗಿತ್ತು. ಸಿಂಧೂ ನದಿಯ ನೀರು ಕೆಸರು. ಅದನ್ನು ಸೋಸುವ ಏರ್ಪಾಡಿಗೆ ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ಮರಳೇ ಸೋಸುಬಟ್ಟೆಯಾಯಿತು, ತಿಳಿನೀರು ಊರನ್ನು ಸೇರಿತು. ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ತಾವಾಗಿ ತೆರೆಯುತ್ತಿದ್ದವು, ಇಳಿದೊಡನೆ ಮುಚ್ಚುತ್ತಿದ್ದವು. 1908ರಲ್ಲಿ ಮೂಸಿ ನದಿಯ ಮಹಾಪ್ರವಾಹಕ್ಕೆ ಸಿಕ್ಕಿ ನೊಂದ ಹೈದರಾಬಾದಿಗೆ, ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನಗರವನ್ನು ಕಾಯುವ ಯೋಜನೆಯನ್ನು ಸಿದ್ಧಪಡಿಸಿಕೊಟ್ಟರು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದೂ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೂ ಅವರ ಕಾಲದಲ್ಲಿಯೇ. ಬ್ಯಾಂಕು ಕಟ್ಟುವ ಪಾಠವನ್ನು ಪುಣೆಯಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. ನೂರು ವರ್ಷ ತುಂಬಿದ ಬಾಳನ್ನು ಬಾಳಿ, 1962ರ ಏಪ್ರಿಲ್ 14ರಂದು ಅವರು ಕೀರ್ತಿಶೇಷರಾದರು.

ವಿದ್ಯಾರ್ಥಿಮಿತ್ರರೇ, ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ಖಡಕ್‌ವಾಸ್ಲಾದ ಬಾಗಿಲಿನಂತೆ, ತಾನಾಗಿ ನಡೆಯುವ ಯಂತ್ರದ ತತ್ತ್ವವನ್ನೇ ಯೋಚಿಸುವುದು ಕಂಪ್ಯೂಟರ್ ವಿಜ್ಞಾನ. ಇದರಲ್ಲಿ ಗಣಿತದ ಪಾಲು ಹೆಚ್ಚು. ಸಕ್ಕರಿನ ನೀರಿನಂತೆ, ಇರುವ ಸಾಧನಗಳನ್ನು ಜೋಡಿಸಿ ಬೇಕಾದವರಿಗೆ ಸೇವೆಯನ್ನು ಮುಟ್ಟಿಸುವುದು ಮಾಹಿತಿ ತಂತ್ರಜ್ಞಾನ. ಹೈದರಾಬಾದಿನ ಜಲಾಶಯಗಳಂತೆ, ಅಪಾಯವನ್ನು ಮುಂದಾಗಿ ಊಹಿಸಿ ತಡೆಯುವುದು ಸೈಬರ್ ಭದ್ರತೆ. ಮೂರಕ್ಕೂ ಬೇರು ಒಂದೇ. ಯಂತ್ರ ಹೇಗೆ ನಡೆಯುತ್ತದೆ, ಮಾಹಿತಿ ಹೇಗೆ ಹರಿಯುತ್ತದೆ ಎಂಬುದನ್ನರಿಯದವನು ಅದನ್ನು ಕಾಯಲಾರನು. ಆದುದರಿಂದ, ಮನಸ್ಸು ಇನ್ನೂ ನಿಶ್ಚಯವಾಗದವರು ಮೊದಲೆರಡರಲ್ಲಿ ಒಂದನ್ನು ಗಟ್ಟಿಯಾಗಿ ಕಲಿತು, ಭದ್ರತೆಯ ವಿಶೇಷ ವ್ಯಾಸಂಗವನ್ನು ಆಮೇಲೆ ಮಾಡಬಹುದು. ಕಾವಲಿನ ಕೆಲಸದಲ್ಲಿಯೇ ನಿಜವಾದ ಒಲವಿರುವವರು ನೇರವಾಗಿ ಅದನ್ನೇ ಆರಿಸಿದರೂ ತಪ್ಪಿಲ್ಲ. ಆದರೆ ಪದವಿಯ ಹೆಸರನ್ನು ಕೇಳಿ ಮರುಳಾಗದೆ, ಆ ಕಾಲೇಜಿನ ಪಠ್ಯಕ್ರಮವನ್ನು ತರಿಸಿ ಓದಿ ನಿರ್ಧರಿಸಬೇಕು.

ವಿಶ್ವೇಶ್ವರಯ್ಯನವರು ಓದಿದ ಕಾಲೇಜೇ ಇಂದು ಪುಣೆಯ ಸಿ.ಒ.ಇ.ಪಿ. ತಾಂತ್ರಿಕ ವಿಶ್ವವಿದ್ಯಾನಿಲಯವಾಗಿದೆ, ಅಲ್ಲಿ ಈಗ ಕಂಪ್ಯೂಟರ್ ಇಂಜಿನಿಯರಿಂಗನ್ನೂ ಕಲಿಸುತ್ತಾರೆ. ಕನ್ನಡ ಶಾಲೆಯ ಮಕ್ಕಳೂ ರಾಜ್ಯದ ಪ್ರವೇಶ ಪರೀಕ್ಷೆಯಲ್ಲಿ ಯೋಗ್ಯ ಅಂಕಗಳನ್ನು ಗಳಿಸಿ ಅಲ್ಲಿಗೆ ಸೇರಬಹುದು. ಮನೆಪಾಠ ಹೇಳಿ ಓದಿದ ಬಡ ಬಾಲಕನೊಬ್ಬನು ಒಮ್ಮೆ ಆ ಬಾಗಿಲನ್ನು ದಾಟಿದನೆಂಬುದು ನಮ್ಮ ಮಕ್ಕಳಿಗೆ ಧೈರ್ಯವನ್ನೀಯಲಿ.