ಯೆಮನಿನ ಇಮಾಮ್ ಅಲ್-ಕಾಸಿಂ

ಹದಿನಾರನೆಯ ಶತಮಾನದ ಕಡೆಯಲ್ಲಿ ಯೆಮನ್ ದೇಶವು ತುರ್ಕಿಯ ಉಸ್ಮಾನೀ ಸುಲ್ತಾನರ ವಶದಲ್ಲಿದ್ದಿತು. ಅಲ್ಲಿಯ ಬೆಟ್ಟಸೀಮೆಯ ಜೈದೀ ಪಂಥದವರಲ್ಲಿ ಒಂದು ನಿಯಮವುಂಟು: ಪೈಗಂಬರರ ಮಗಳ ಸಂತತಿಯಲ್ಲಿ ಹುಟ್ಟಿ, ಶಾಸ್ತ್ರವನ್ನು ಬಲ್ಲವನಾಗಿ, ಅನ್ಯಾಯದ ಅರಸನಿಗೆ ಬಹಿರಂಗವಾಗಿ ಎದುರು ನಿಲ್ಲುವವನೇ ಇಮಾಮನು. 1559ರಲ್ಲಿ ಹುಟ್ಟಿದ ಪಂಡಿತ ಅಲ್-ಕಾಸಿಂ ಬಿನ್ ಮುಹಮ್ಮದನು ಈ ನಿಯಮವನ್ನೇ ಆಧರಿಸಿ 1597ರಲ್ಲಿ ತಾನು ಇಮಾಮನೆಂದು ಸಾರಿ, ಬೆಟ್ಟದ ಕುಲಗಳನ್ನು ಒಗ್ಗೂಡಿಸಿ ದಂಗೆಯೆದ್ದನು.

ತುರ್ಕರ ಮುತ್ತಿಗೆಗೆ ಶಹಾರಾ ಕೋಟೆಯು ಬಿದ್ದಾಗ ಆತನು ತಪ್ಪಿಸಿಕೊಂಡು ಹೋಗಿ, ಮತ್ತೆ ಜನವನ್ನು ಕೂಡಿಸಿದನು. ಕಡೆಗೆ ತುರ್ಕಿಯ ಅಧಿಕಾರಿಗಳೇ ಆತನೊಡನೆ ಒಡಂಬಡಿಕೆಗೆ ಬರಬೇಕಾಯಿತು; ಬೆಟ್ಟಸೀಮೆಯ ಒಂದು ಭಾಗವು ಆತನ ಕೈಯಲ್ಲುಳಿಯಿತು. ಪೂರ್ಣ ವಿಮೋಚನೆಯನ್ನು ಕಾಣದೆಯೇ ಆತನು 1620ರಲ್ಲಿ ತೀರಿಕೊಂಡನು. ಆದರೆ 1636ರ ಹೊತ್ತಿಗೆ ಆತನ ಮಗ ಅಲ್-ಮುಅಯ್ಯದನು ತುರ್ಕರನ್ನು ದೇಶದಿಂದ ಹೊರದೂಡಿದನು. 1872ರಲ್ಲಿ ಸನಾ ನಗರವನ್ನು ಹಿಡಿಯುವವರೆಗೆ ಅವರ ಆಳ್ವಿಕೆಯು ಆ ಬೆಟ್ಟಗಳಲ್ಲಿ ಮತ್ತೆ ಬೇರೂರಲಿಲ್ಲ.

ಯೋಗ್ಯತೆಯ ನಿಯಮದಿಂದ ಹೊರಟ ದಂಗೆಯು ಒಂದೇ ಮನೆತನದ ಆಳ್ವಿಕೆಯಾಗಿ ನಿಂತಿತೆಂಬುದನ್ನು ನಾವು ಮರೆಮಾಚಲಾರೆವು. ಪರರ ನೊಗವನ್ನು ಕಿತ್ತೆಸೆದವರೂ ತಮ್ಮ ನಿಯಮವನ್ನು ತಮ್ಮ ಮನೆಯಲ್ಲಿಯೇ ಮರೆಯಬಲ್ಲರು. ಆದರೂ, ಫಲವು ತನ್ನ ಕಾಲಕ್ಕೆ ದೊರೆಯದೆಂದು ಕಂಡಮೇಲೂ ಬೀಜವನ್ನು ಬಿತ್ತುವುದನ್ನು ಬಿಡದಿದ್ದ ಆ ಪಂಡಿತನ ಸ್ಥೈರ್ಯವನ್ನು ನಾವು ಆದರದಿಂದ ಸ್ಮರಿಸುತ್ತೇವೆ.