ಪಾಸ್ಕಲ್ ಮತ್ತು ನನ್ನ ತಮ್ಮನ ಜೆಸಿಬಿ

ನನ್ನ ತಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ರಟ್ಟಿನ ಜೆಸಿಬಿ ಮಾಡುತ್ತಿದ್ದ. ಸೂಜಿ ತೆಗೆದ ಸಿರಿಂಜುಗಳು, ನಡುವೆ ಸಣ್ಣ ಪೈಪು, ಒಳಗೆ ಬಣ್ಣದ ನೀರು. ಈ ಕಡೆ ಒತ್ತಿದರೆ ಆ ಕಡೆ ಅದರ ಕೈ ಏಳಬೇಕಿತ್ತು, ಏಳಲಿಲ್ಲ. ಸಹಾಯಕ್ಕೆ ಹೋದರೆ, ಆಪಾ ಓದುವುದು ಕಾಮರ್ಸ್, ಅವಳಿಗೆ ಇದೆಲ್ಲ ತಿಳಿಯದು ಎಂದು ಅಮ್ಮಿಯ ಮುಂದೆಯೇ ಹೇಳಿಬಿಟ್ಟ. ನನಗೆ ಬೇಸರವಾಯಿತು. ಅವನ ಚಾರ್ಟಿನ ಮೇಲೆ ಪಾಸ್ಕಲನ ನಿಯಮ ಎಂದು ಬರೆದಿತ್ತು. ಈ ಪಾಸ್ಕಲ್ ಯಾರು ಎಂದು ಓದುತ್ತ ಹೋದೆ. ಸಿಕ್ಕಿದ್ದು ನಮ್ಮ ಮನೆಯಂಥದೇ ಒಂದು ಲೆಕ್ಕದ ಮನೆ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರಲ್ಲಿ, ಫ್ರಾನ್ಸಿನ ಕ್ಲೆರ್ಮಾನಿನಲ್ಲಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಶಾಲೆಗೆ ಹೋಗಲಿಲ್ಲ, ತಂದೆಯೇ ಪಾಠ ಹೇಳಿದರು. ಮೊದಲು ಭಾಷೆಗಳನ್ನು ಕಲಿಯಲಿ ಎಂದು ಗಣಿತದ ಪುಸ್ತಕಗಳನ್ನು ಮಗನಿಂದ ದೂರ ಇಟ್ಟಿದ್ದರಂತೆ. ಹುಡುಗ ತಾನೇ ನೆಲದ ಮೇಲೆ ಗೆರೆ ಎಳೆದು ತ್ರಿಕೋನಗಳ ಲೆಕ್ಕ ಮಾಡುತ್ತಿದ್ದನೆಂದು ಅವನ ಅಕ್ಕ ಬರೆದಿದ್ದಾಳೆ.

ಮುಂದೆ ತಂದೆಗೆ ರುಆನ್ ನಗರದಲ್ಲಿ ತೆರಿಗೆ ಅಧಿಕಾರಿಯ ಕೆಲಸ ಸಿಕ್ಕಿತು. ಮುಗಿಯದ ಲೆಕ್ಕ. ನಮ್ಮ ಅಬ್ಬಾ ಮಂಡಿಯ ಲೆಕ್ಕದ ಪುಸ್ತಕವನ್ನು ಮನೆಗೆ ತಂದು ರಾತ್ರಿ ಹನ್ನೊಂದರವರೆಗೆ ಕೂಡಿಸುತ್ತಾರೆ, ಹಾಗಾಗಿ ಆ ಮನೆ ನನ್ನ ಕಣ್ಣಿಗೆ ಕಟ್ಟಿತು. ಫ್ರೆಂಚ್ ಹಣದ ಲೆಕ್ಕವೂ ಸುಲಭವಿರಲಿಲ್ಲ. ಒಂದು ಲೀವ್ರ್‌ಗೆ 20 ಸೋಲ್, ಒಂದು ಸೋಲ್‌ಗೆ 12 ದೆನಿಯೆ. ನಮ್ಮ ದಾದಾ ಹೇಳುವ ಆಣೆ, ಪೈಗಳ ಹಾಗೆ. 1642ರಲ್ಲಿ, ಸುಮಾರು ಹತ್ತೊಂಬತ್ತನೇ ವಯಸ್ಸಿನಲ್ಲಿ, ತಂದೆಯ ಕಷ್ಟ ನೋಡಲಾರದೆ ಪಾಸ್ಕಲ್ ಕೂಡುವ ಯಂತ್ರ ಮಾಡಲು ಕುಳಿತ. ಹಲ್ಲುಚಕ್ರಗಳ ಪೆಟ್ಟಿಗೆ ಅದು. ಒಂದು ಚಕ್ರ ಒಂಬತ್ತು ದಾಟಿದೊಡನೆ ಪಕ್ಕದ ಚಕ್ರ ತಾನಾಗಿ ಒಂದು ಮನೆ ಮುಂದೆ ಸರಿಯುತ್ತಿತ್ತು. ಸೋಲ್, ದೆನಿಯೆಗಳಿಗೆ ಬೇರೆ ಚಕ್ರಗಳು. ಯಂತ್ರ ದುಬಾರಿಯಾಯಿತು, ಹೆಚ್ಚು ಮಾರಾಟವಾಗಲಿಲ್ಲ. (ನಮ್ಮ ಬಿಸಿನೆಸ್ ಸ್ಟಡೀಸ್ ಪಾಠಕ್ಕೆ ಒಳ್ಳೆಯ ಉದಾಹರಣೆ.)

ನೀರಿನ ವಿಷಯ ಬಂದದ್ದು ಆಮೇಲೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂದು ಅವನು ತೋರಿಸಿದ. ಒಂದು ಬಾಯಿ ಇನ್ನೊಂದಕ್ಕಿಂತ 100 ಪಟ್ಟು ದೊಡ್ಡದಿದ್ದರೆ, ಚಿಕ್ಕ ಬಾಯಿಯಲ್ಲಿ ಒಬ್ಬ ಒತ್ತಿದ್ದು ದೊಡ್ಡದರಲ್ಲಿ 100 ಜನರ ಬಲಕ್ಕೆ ಸಮ. ಪುಕ್ಕಟೆ ಏನೂ ಇಲ್ಲ: ಚಿಕ್ಕದು 100 ಅಂಗುಲ ಇಳಿದರೆ ದೊಡ್ಡದು ಏರುವುದು ಒಂದೇ ಅಂಗುಲ. ಡೆಬಿಟ್ಟಿಗೆ ಕ್ರೆಡಿಟ್ ಸರಿಹೋಯಿತು!

1654ರಲ್ಲಿ ಫರ್ಮಾ ಎಂಬ ಗಣಿತಜ್ಞನ ಜೊತೆ ಪತ್ರ ಬರೆದುಕೊಂಡು ಸಂಭವನೀಯತೆಯ ಲೆಕ್ಕ ಶುರುಮಾಡಿದ. ಇಂದಿನ ವಿಮೆಯ ಲೆಕ್ಕಕ್ಕೂ ಅದೇ ಬುನಾದಿ. ಆರೋಗ್ಯ ಮಾತ್ರ ಎಂದೂ ನೆಟ್ಟಗಿರಲಿಲ್ಲ. 1662ರಲ್ಲಿ ಪ್ಯಾರಿಸ್ಸಿನಲ್ಲಿ ಐದು ಸೋಲ್ ದರದ ಸಾರ್ವಜನಿಕ ಕುದುರೆಗಾಡಿಗಳನ್ನು ಓಡಿಸಲು ನೆರವಾದ, ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ವಯಸ್ಸು 39. ದ್ರವಗಳ ಮೇಲಿನ ಅವನ ಗ್ರಂಥ ಅಚ್ಚಾದದ್ದು ಮರುವರ್ಷ.

ಇಷ್ಟು ಓದಿಕೊಂಡು ತಮ್ಮನ ಪೈಪನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಗಾಳಿಗುಳ್ಳೆ. ನೀರಿನಂತಲ್ಲ, ಗಾಳಿ ಕುಗ್ಗಿಬಿಡುತ್ತದೆ. ನಾವು ಒತ್ತಿದ್ದೆಲ್ಲ ಅಲ್ಲೇ ಖರ್ಚಾಗುತ್ತಿತ್ತು. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಇಬ್ಬರೂ ಮತ್ತೆ ತುಂಬಿದೆವು. ಈಗ ಜೆಸಿಬಿ ಒಂದು ರಬ್ಬರ್, ಎರಡು ಪೆನ್ಸಿಲ್ ಎತ್ತುತ್ತದೆ. ಅಬ್ಬಾ ಲೆಕ್ಕ ಬಿಟ್ಟು ಎದ್ದು ಬಂದು ಎರಡು ಸಲ ಒತ್ತಿ ನೋಡಿದರು.