ಹಲ್ಲಿನ ಹುಳುವನ್ನು ಹುಡುಕಿ ಕಾಣದವನು: ಪಿಯರ್ ಫೋಶಾರ್

ಪುಟ್ಟ ತಮ್ಮನನ್ನೋ ತಂಗಿಯನ್ನೋ ಮೊದಲ ಸಲ ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯುವಾಗ ಏನಾಗುತ್ತದೆಂದು ನೋಡಿದ್ದೀರಾ? ಅಲ್ಲಿನ ಉದ್ದನೆಯ ಕುರ್ಚಿ ಕಂಡ ಕೂಡಲೇ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಅಮ್ಮನ ಸೆರಗು ಕೈಗೆ ಬರುತ್ತದೆ. ಆದರೆ ಮಕ್ಕಳೇ, ಹಲ್ಲು ತೋರಿಸಲು ಬಂದವರನ್ನು ಕುರ್ಚಿಯಲ್ಲಿ ಕೂರಿಸಬೇಕು ಎಂದು ಒಬ್ಬಾತ ಹೇಳಿದ್ದು ಅವರಿಗೆ ಕಷ್ಟವಾಗದಿರಲಿ ಎಂದೇ. ಆತ ಫ್ರಾನ್ಸ್ ದೇಶದ ಪಿಯರ್ ಫೋಶಾರ್. ಆಧುನಿಕ ದಂತವೈದ್ಯಕೀಯದ ಪಿತಾಮಹ ಎಂದು ಆತನನ್ನು ಕರೆಯುತ್ತಾರೆ.

ಫೋಶಾರ್ ಹುಟ್ಟಿದ್ದು 1678ರಲ್ಲಿ. ಹದಿನೈದನೆಯ ವಯಸ್ಸಿಗೇ ರಾಜನ ನೌಕಾಪಡೆ ಸೇರಿದ. ಅಲ್ಲಿ ಪೋತ್ಲೆರೆ ಎಂಬ ಶಸ್ತ್ರಚಿಕಿತ್ಸಕ ಆತನ ಗುರುವಾದ. ತಿಂಗಳುಗಟ್ಟಲೆ ಕಡಲಲ್ಲೇ ಇರುತ್ತಿದ್ದ ನಾವಿಕರ ಒಸಡು ಊದಿಕೊಂಡು ರಕ್ತ ಸುರಿಯುತ್ತಿತ್ತು, ಹಲ್ಲು ಅಲುಗಾಡುತ್ತಿತ್ತು. ಇದು ಸ್ಕರ್ವಿ ರೋಗ. ಸಿ ಜೀವಸತ್ವದ ಕೊರತೆಯಿಂದ ಬರುತ್ತದೆಂದು ಇಂದು ನಮಗೆ ಗೊತ್ತು. ನೀವು ಉಪ್ಪು ಹಚ್ಚಿ ತಿನ್ನುವ ನೆಲ್ಲಿಕಾಯಿ, ಸೀಬೆಹಣ್ಣು ಅವರಿಗೆ ಸಿಕ್ಕಿದ್ದರೆ ಸಾಕಿತ್ತು! ಈ ನಾವಿಕರ ಬಾಯಿಗಳೇ ಫೋಶಾರ್‌ಗೆ ಮೊದಲ ಪಾಠಶಾಲೆ. ಮುಂದೆ ಆಂಜೆ ನಗರದಲ್ಲಿ ಕೆಲಸ ಮಾಡಿ, ಬಳಿಕ ಪ್ಯಾರಿಸ್ಸಿಗೆ ಬಂದ.

ಆಗ ಪ್ಯಾರಿಸ್ಸಿನ ಸೇತುವೆಯ ಮೇಲೆ, ಸಂತೆ ಜಾತ್ರೆಗಳಲ್ಲಿ ಹಲ್ಲು ಕೀಳುವವರು ಜನ ಸೇರಿಸಿ ತಮಾಷೆ ನಡೆಸುತ್ತಿದ್ದರು. ನೋವು ತಿಳಿಯದಂತೆ ಮರಗಟ್ಟಿಸುವ ಔಷಧ ಇರಲಿಲ್ಲ. ರೋಗಿಯನ್ನು ನೆಲದ ಮೇಲೆ ಕೂರಿಸಿ, ತಲೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಕೀಳುತ್ತಿದ್ದರು. ಕೆಲವರಂತೂ ತಮ್ಮವನನ್ನೇ ರೋಗಿಯಂತೆ ಕರೆತಂದು, ಅವನ ಬಾಯಲ್ಲಿ ಮೊದಲೇ ಹಲ್ಲು ಮತ್ತು ಕೋಳಿಯ ರಕ್ತದ ಪೊಟ್ಟಣ ಅಡಗಿಸಿಟ್ಟು, ನೋವಿಲ್ಲದೆ ಕಿತ್ತೆವೆಂದು ತೋರಿಸುತ್ತಿದ್ದರು. ಈ ಮೋಸವನ್ನು ಫೋಶಾರ್ ಬಯಲಿಗೆಳೆದ. ರೋಗಿಗೆ ಅಲುಗಾಡದ ಗಟ್ಟಿ ಕುರ್ಚಿ ಬೇಕು, ಬೆನ್ನಿಗೆ ಮೆತ್ತನೆಯ ದಿಂಬು ಬೇಕು ಎಂದು ಹೇಳಿದ. ಇಂದು ತೀರ ಚಿಕ್ಕ ಮಗುವಾದರೆ ಆ ಕುರ್ಚಿಯೂ ಬೇಕಿಲ್ಲ. ತಾಯಿ ಮತ್ತು ಡಾಕ್ಟರು ಎದುರು ಬದುರು ಕುಳಿತು, ಮಗುವನ್ನು ಇಬ್ಬರ ತೊಡೆಯ ಮೇಲೂ ಮಲಗಿಸಿಕೊಂಡು ಬಾಯಿ ನೋಡುತ್ತಾರೆ. ಅಮ್ಮನ ಮುಖ ಮಗುವಿಗೆ ಕಾಣುತ್ತಲೇ ಇರುತ್ತದೆ.

ಇನ್ನು ಹುಳುವಿನ ವಿಷಯ. ನಾವು ಹುಳುಕು ಹಲ್ಲು ಎನ್ನುತ್ತೇವಲ್ಲ, ಹುಳು ಎಲ್ಲಿದೆ? ಹಲ್ಲನ್ನು ಹುಳು ಕೊರೆಯುತ್ತದೆಂದು ಸಾವಿರಾರು ವರ್ಷಗಳಿಂದ ಅನೇಕ ದೇಶಗಳ ಜನ ನಂಬಿದ್ದರು. ಯುರೋಪಿನಲ್ಲಿಯೂ ನಮ್ಮಲ್ಲಿಯೂ ಬೀಜಗಳ ಹೊಗೆ ಹಿಡಿಸಿ ಹುಳು ಬೀಳಿಸುವ ರೂಢಿ ಇತ್ತು. ಬಿದ್ದದ್ದು ಹುಳುವಲ್ಲ, ಬಿಸಿಗೆ ಒಡೆದ ಬೀಜದ ಒಳಗಿನ ಬಿಳಿಯ ಮೊಳಕೆ. ಫೋಶಾರ್ ವಾದ ಮಾಡುತ್ತ ಕೂರಲಿಲ್ಲ. ಕೆಟ್ಟ ಹಲ್ಲುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಹುಳು ಕಾಣಲಿಲ್ಲ. ಕಾಣಲಿಲ್ಲವೆಂದೇ ಬರೆದ. ಸಿಹಿ ಹೆಚ್ಚು ತಿನ್ನುವವರ ಹಲ್ಲು ಬೇಗ ಕೆಡುತ್ತದೆ ಎಂಬುದನ್ನೂ ಗಮನಿಸಿದ.

ಸಿಹಿ ಹೇಗೆ ಕೆಡಿಸುತ್ತದೆ ಎಂಬುದು ಸ್ಪಷ್ಟವಾಗಲು ಬಹಳ ಕಾಲ ಹಿಡಿಯಿತು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ತಯಾರಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ ತನ್ನ ಪುಸ್ತಕದಲ್ಲಿ ವಿವರಿಸಿದ. ಹಾಲುಹಲ್ಲು ಹೇಗೂ ಬೀಳುತ್ತದಲ್ಲ, ಡಾಕ್ಟರು ಯಾಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಹೇಳಿ: ಆ ಇಪ್ಪತ್ತು ಹಲ್ಲುಗಳು ಮುಂದೆ ಬರುವ ಹಲ್ಲುಗಳಿಗೆ ಜಾಗ ಕಾದಿಡುತ್ತವೆ. ಮೊದಲ ಹಲ್ಲು ಮೂಡಿದ ಮೇಲೆ, ಮಗುವಿನ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಬೇಕು. ನೋವು ಬರುವ ಮೊದಲೇ ಹೋದರೆ ಆ ದಿನ ಸಾಮಾನ್ಯವಾಗಿ ಹಲ್ಲು ನೋಡಿ ಎಣಿಸುವುದಷ್ಟೇ ಕೆಲಸ.

ಫೋಶಾರ್ ಹೇಳಿದ್ದೆಲ್ಲವೂ ಸರಿಯಿತ್ತೆಂದು ತಿಳಿಯಬೇಡಿ. ಹಲ್ಲುನೋವಿಗೆ ಸ್ವಂತ ಮೂತ್ರದಿಂದ ಬಾಯಿ ಮುಕ್ಕಳಿಸಲು ಆತ ಸಲಹೆ ಕೊಟ್ಟಿದ್ದ! (ನಗಬೇಡಿ, ಪ್ರಯತ್ನಿಸಲೂ ಬೇಡಿ.) ಆದರೆ ಆಗಿನ ಹಲ್ಲಿನ ಕೆಲಸಗಾರರು ತಮ್ಮ ವಿದ್ಯೆಯನ್ನು ಗುಟ್ಟಾಗಿಡುತ್ತಿದ್ದಾಗ, ಈತ ತಿಳಿದದ್ದನ್ನೆಲ್ಲ ಬರೆದಿಟ್ಟ. 1723ರಲ್ಲಿ ಹಸ್ತಪ್ರತಿ ಸಿದ್ಧವಾಯಿತು. ಅದನ್ನು ವೈದ್ಯರಿಗೂ ಶಸ್ತ್ರಚಿಕಿತ್ಸಕರಿಗೂ ತೋರಿಸಿ, ತಿದ್ದಿ, 1728ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಎಂಟುನೂರಕ್ಕೂ ಹೆಚ್ಚು ಪುಟ! ಹಲ್ಲಿನ ರಚನೆ, ಕುಳಿಗೆ ತವರ, ಸೀಸ, ಚಿನ್ನ ತುಂಬುವುದು, ವಕ್ರ ಹಲ್ಲನ್ನು ಪಟ್ಟಿ ಕಟ್ಟಿ ನೇರ ಮಾಡುವುದು, ಉಪಕರಣಗಳ ಚಿತ್ರ ಎಲ್ಲವೂ ಅದರಲ್ಲಿದ್ದವು. 1733ರಲ್ಲಿ ಜರ್ಮನ್ ಭಾಷೆಗೆ ಹೋಯಿತು. 1746ರಲ್ಲಿ ಎರಡನೆಯ ಮುದ್ರಣ ಬಂತು. ಫೋಶಾರ್ 1761ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಆತನ ಪುಸ್ತಕವನ್ನು 1946ರಲ್ಲಿ ಇಂಗ್ಲಿಷಿಗೆ ತಂದವರು ಲಿಲಿಯನ್ ಲಿಂಡ್ಸೆ. ಬ್ರಿಟನ್ನಿನಲ್ಲಿ ದಂತವೈದ್ಯಕೀಯ ಅರ್ಹತೆ ಪಡೆದ ಮೊದಲ ಮಹಿಳೆ ಅವರು.